ದಿನಕರ ದೇಸಾಯಿ: ಮನಸ್ಸನ್ನೂ ಲೆಕ್ಕಕ್ಕೆ ಹಿಡಿದವರು

ಅಂಕೋಲೆ, ಕಾರವಾರದ ಕಡೆ ದಿನಕರ ದೇಸಾಯಿಯವರ ಹೆಸರು ಹೇಳಿದರೆ ಮೊದಲು ನೆನಪಾಗುವುದು ಚುಟುಕು. ಮೂರು ಸಾಲು ನಗಿಸಿ ನಾಲ್ಕನೆಯ ಸಾಲಿನಲ್ಲಿ ಚುಚ್ಚುವ ಆ ಪುಟ್ಟ ಪದ್ಯಗಳು ನಮ್ಮ ಜಿಲ್ಲೆಯಲ್ಲಿ ಬಾಯಿಂದ ಬಾಯಿಗೆ ಹರಿದಿವೆ. ಗಡಿಯಾರದ ಮೇಲೆ ಅವರು ಬರೆದ ಮಕ್ಕಳ ಪದ್ಯವನ್ನು ಕಂಠಪಾಠ ಮಾಡದ ಕನ್ನಡ ಶಾಲೆಯ ಮಕ್ಕಳು ಕಡಿಮೆ. ಹಿರಿಯರು ಅವರನ್ನು ರೈತರ ಮುಂದಾಳು ಎಂದು ನೆನೆಯುತ್ತಾರೆ. ಶಿಕ್ಷಕರು ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿದವರು ಎನ್ನುತ್ತಾರೆ. ನಮ್ಮ ಶಾಲೆ ಅವರು ಕಟ್ಟಿದ್ದಲ್ಲ, ಸರಕಾರದ್ದು. ಆದರೂ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಅವರ ಬದುಕನ್ನೇ ಆರಿಸಿಕೊಂಡಿದ್ದೇನೆ. ಅದಕ್ಕೆ ನನ್ನ ಉದ್ಯೋಗವೂ ಒಂದು ಕಾರಣ, ನಮ್ಮ ಶಾಲೆಯ ಇಂದಿನ ಸ್ಥಿತಿಯೂ ಒಂದು ಕಾರಣ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಒಂದು ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ಚಿತ್ರವಾಗಿ ಬರೆದು, ಅದನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡುವುದು ನಮ್ಮ ಕೆಲಸದ ಒಂದು ಭಾಗ. ಇದಕ್ಕೆ ನಾವು ಮಾದರಿ, ಅಂದರೆ ಮಾಡೆಲ್ ಎನ್ನುತ್ತೇವೆ. ಕಾಗದದ ಮೇಲೆ ಕೆಲವು ವೃತ್ತಗಳು, ಅವುಗಳ ನಡುವೆ ಬಾಣಗಳು. ಇದು ಹೆಚ್ಚಾದರೆ ಅದು ಹೆಚ್ಚು, ಅದು ಹೆಚ್ಚಾದರೆ ಇನ್ನೊಂದು ಕಡಿಮೆ. ಯಂತ್ರಗಳ ಮಟ್ಟಿಗೆ ಈ ಚಿತ್ರ ಚೆನ್ನಾಗಿ ನಡೆಯುತ್ತದೆ. ಮನುಷ್ಯರು ಬಂದ ಕೂಡಲೇ ಕೈಕೊಡುತ್ತದೆ. ಒಂದು ರಸ್ತೆ ಖಾಲಿ ಇದೆ ಎಂದು ಮೊಬೈಲಿನ ನಕ್ಷೆ ಎಲ್ಲರಿಗೂ ಹೇಳಿದರೆ ಎಲ್ಲರೂ ಅಲ್ಲಿಗೇ ನುಗ್ಗುತ್ತಾರೆ, ಖಾಲಿ ರಸ್ತೆ ತುಂಬಿಹೋಗುತ್ತದೆ. ರಸ್ತೆಯ ಅಗಲವನ್ನೂ ವಾಹನಗಳ ಸಂಖ್ಯೆಯನ್ನೂ ಲೆಕ್ಕ ಹಾಕಿದರೆ ಸಾಲದು, ಓಡಿಸುವವನ ಮನಸ್ಸನ್ನೂ ಚಿತ್ರದಲ್ಲಿ ಬರೆಯಬೇಕು. ಈ ಮಾತನ್ನು ಮಕ್ಕಳಿಗೆ ಕಲಿಸಲು ದೂರದ ಉದಾಹರಣೆ ಬೇಕಾಗಿಲ್ಲ, ನಮ್ಮ ತಾಲೂಕಿನವರೇ ಆದ ದೇಸಾಯಿಯವರ ಬದುಕೇ ಸಾಕು ಎಂಬುದು ನನ್ನ ಅನಿಸಿಕೆ. ಅವರು ಇಂಥ ಚಿತ್ರ ಬರೆದವರಲ್ಲ. ಹೀಗೆ ಓದುತ್ತಿರುವವನು ನಾನು.

ಬಾಲ್ಯ ಮತ್ತು ಓದು

ದಿನಕರ ದತ್ತಾತ್ರೇಯ ದೇಸಾಯಿಯವರು ಹುಟ್ಟಿದ್ದು 1909ರ ಸೆಪ್ಟೆಂಬರ್ 10ರಂದು, ಅಂಕೋಲಾ ತಾಲೂಕಿನಲ್ಲಿ. ಅಲಗೇರಿ ಅವರ ಊರು. ತಂದೆ ಶಾಲಾ ಮಾಸ್ತರರು. ಆಗ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಓದಲು ಮುಂದೆ ಹೋಗಬೇಕೆಂದರೆ ಊರು ಬಿಟ್ಟೇ ಹೋಗಬೇಕು. ದೇಸಾಯಿಯವರು ಹೈಸ್ಕೂಲಿಗೆ ಕಾರವಾರಕ್ಕೂ, ಕಾಲೇಜಿಗೆ ಬೆಂಗಳೂರು, ಮೈಸೂರಿಗೂ ಹೋದರು. ಮೈಸೂರಿನಲ್ಲಿ ಬಿ.ಎ. ಮುಗಿಸಿ, ಮುಂಬಯಿಯಲ್ಲಿ ಎಂ.ಎ. ಮತ್ತು ಕಾನೂನು ಓದಿದರು. ಆ ಕಾಲದಲ್ಲಿ ಇಷ್ಟು ಓದಿದವರಿಗೆ ಒಳ್ಳೆಯ ಸರಕಾರಿ ನೌಕರಿ ಅಥವಾ ವಕೀಲಿ ಕಷ್ಟವಿರಲಿಲ್ಲ. ಅವರು ಎರಡನ್ನೂ ಬಿಟ್ಟು ಭಾರತ ಸೇವಕ ಸಮಾಜ ಸೇರಿದರು.

ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಸಂಸ್ಥೆ ಇದು. ಸೇರಿದವರು ಸ್ವಂತ ಸಂಪಾದನೆಯ ಆಸೆ ಬಿಟ್ಟು ಜೀವಮಾನವಿಡೀ ಸಾರ್ವಜನಿಕ ಕೆಲಸ ಮಾಡಬೇಕು. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಮಸೂದೆಯನ್ನು ಗೋಖಲೆಯವರು 1911ರಲ್ಲೇ ಮಂಡಿಸಿದ್ದರು, ಅದು ಬಿದ್ದುಹೋಗಿತ್ತು. ಶಾಲೆಯ ಕನಸು ದೇಸಾಯಿಯವರಿಗೆ ಹೀಗೆ ಸಂಸ್ಥೆಯ ಪರಂಪರೆಯಿಂದಲೂ ಬಂತು, ಮಾಸ್ತರರಾದ ತಂದೆಯಿಂದಲೂ ಬಂತು. ಭಾರತದ ಪ್ರಾಥಮಿಕ ಶಿಕ್ಷಣದ ಮೇಲೆ ಅವರು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು.

ಹಡಗಿನ ಕೆಲಸಗಾರರ ನಡುವೆ

ಮುಂಬಯಿಯಲ್ಲಿ ಅವರ ಪಾಲಿಗೆ ಬಂದದ್ದು ಹಡಗಿನ ಕೆಲಸಗಾರರ ಸಂಘಟನೆ. ಹಡಗುಗಳಲ್ಲಿ ಕೆಲಸ ಕಡಿಮೆ, ಕೆಲಸ ಬೇಡುವವರು ಹೆಚ್ಚು. ಯಾರನ್ನು ಹಡಗು ಹತ್ತಿಸಬೇಕು ಎನ್ನುವುದು ಬಹುಪಾಲು ಸೇರಂಗರ ಮತ್ತು ದಲ್ಲಾಳಿಗಳ ಕೈಯಲ್ಲಿತ್ತು. ಕೆಲಸ ಸಿಗಬೇಕೆಂದರೆ ಲಂಚ, ಲಂಚಕ್ಕೆ ಸಾಲ, ಸಾಲ ತೀರಿಸಲು ಮತ್ತೆ ಹಡಗು. ಇದು ತನ್ನನ್ನು ತಾನೇ ಬೆಳೆಸಿಕೊಳ್ಳುವ ಸುತ್ತು. ಭಾರತದ ಹಡಗು ಕಾರ್ಮಿಕರ ಬಗ್ಗೆಯೂ ದೇಸಾಯಿಯವರು ಪುಸ್ತಕ ಬರೆದಿದ್ದಾರೆ.

ಲಂಚ ಕೊಡಬಾರದು ಎಂದು ಹೇಳುವುದು ಸುಲಭ. ಆದರೆ ಕೊಡದವನ ಜಾಗಕ್ಕೆ ಕೊಡುವವನು ಪಕ್ಕದಲ್ಲೇ ನಿಂತಿರುತ್ತಾನೆ. ಒಬ್ಬನ ಧೈರ್ಯ ಅವನ ಗುಣವನ್ನಷ್ಟೇ ಅವಲಂಬಿಸಿಲ್ಲ, ಪಕ್ಕದವನು ಏನು ಮಾಡುತ್ತಾನೆ ಎಂಬ ಅವನ ಊಹೆಯನ್ನೂ ಅವಲಂಬಿಸಿದೆ. ಕಾರ್ಮಿಕ ಸಂಘ ಬದಲಿಸುವುದು ಮೊದಲು ಈ ಊಹೆಯನ್ನು. ಪಕ್ಕದವನೂ ಕೊಡುವುದಿಲ್ಲ ಎಂಬ ಭರವಸೆ ಬಂದರೆ ಅದೇ ಮನುಷ್ಯ ಬೇರೆ ರೀತಿ ನಡೆದುಕೊಳ್ಳುತ್ತಾನೆ. ಈ ಪಾಠ ದೇಸಾಯಿಯವರಿಗೆ ಊರಿನಲ್ಲಿ ಉಪಯೋಗಕ್ಕೆ ಬಂತು.

ಗೇಣಿಯ ಸುತ್ತು

1930ರ ದಶಕದ ಕೊನೆಯಲ್ಲಿ ಅವರು ಉತ್ತರ ಕನ್ನಡದ ಗೇಣಿದಾರರನ್ನು ಸಂಘಟಿಸಲು ಇಳಿದರು. ಅಂಕೋಲೆ ಆಗಲೇ ಹೆಸರಾದ ಊರು. 1930ರ ಉಪ್ಪಿನ ಸತ್ಯಾಗ್ರಹ, 1932ರ ಕರನಿರಾಕರಣೆಯಿಂದ ಇದನ್ನು ಕರ್ನಾಟಕದ ಬಾರ್ಡೋಲಿ ಎಂದು ಕರೆದಿದ್ದರು. ಜಮೀನು ಜಪ್ತಿಯಾದರೂ ನಮ್ಮ ಕಡೆಯ ಮನೆತನಗಳು ಬ್ರಿಟಿಷರಿಗೆ ತಲೆಬಾಗಲಿಲ್ಲ. ಇಷ್ಟು ಧೈರ್ಯದ ತಾಲೂಕಿನಲ್ಲಿ ಗೇಣಿದಾರ ಮಾತ್ರ ಯಾಕೆ ಸುಮ್ಮನಿದ್ದ ಎಂಬ ಪ್ರಶ್ನೆ ಏಳುತ್ತದೆ. ಕರ ನಿರಾಕರಿಸಲು ಹೆಸರಿನಲ್ಲಿ ಭೂಮಿ ಇರಬೇಕು. ಗೇಣಿದಾರನ ಹೆಸರಿನಲ್ಲಿ ಏನೂ ಇರಲಿಲ್ಲ. ಅವನು ಎದುರಿಸಬೇಕಾದದ್ದು ದೂರದ ಸರಕಾರವನ್ನಲ್ಲ, ದಿನ ಬೆಳಗಾದರೆ ಮುಖ ನೋಡುವ ಒಡೆಯರನ್ನು.

ಚಾಲಗೇಣಿಯ ರೈತನನ್ನು ಒಡೆಯರು ಮನಸ್ಸು ಬಂದಾಗ ಬಿಡಿಸಬಹುದಾಗಿತ್ತು. ಮಳೆ ಕೈಕೊಟ್ಟರೂ, ಗಜನಿಗೆ ಉಪ್ಪುನೀರು ನುಗ್ಗಿದರೂ ಕಣದಿಂದ ಗೇಣಿ ಭತ್ತ ಹೋಗಲೇಬೇಕು. ಉಳಿದದ್ದು ಸಾಲದೆ ಸಾಲ. ಸಾಲಕ್ಕಾಗಿ ಬಿಟ್ಟಿ ಚಾಕರಿ.

ಇದನ್ನು ಕಪ್ಪುಹಲಗೆಯ ಮೇಲೆ ಬರೆದರೆ ಗೇಣಿ, ಉಳಿದ ಭತ್ತ, ಸಾಲ ಎಂಬ ಮೂರು ವೃತ್ತಗಳು. ಗೇಣಿ ಹೆಚ್ಚಾದರೆ ಉಳಿಯುವುದು ಕಡಿಮೆ, ಉಳಿದದ್ದು ಕಡಿಮೆಯಾದರೆ ಸಾಲ ಹೆಚ್ಚು. ಇಷ್ಟನ್ನೇ ಬರೆದರೆ ಪರಿಹಾರವೂ ಸುಲಭವಾಗಿ ಕಾಣುತ್ತದೆ: ಕಾಯ್ದೆ ಮಾಡಿ ಗೇಣಿ ಇಳಿಸಿ. ಆದರೆ ಸಾಲದಿಂದ ಗೇಣಿಗೆ ತಿರುಗಿ ಬರುವ ಬಾಣ ಯಾವುದರ ಮೂಲಕ ಬರುತ್ತದೆ? ಹೆದರಿಕೆಯ ಮೂಲಕ. ಸಾಲಗಾರ ಎದುರು ಮಾತಾಡುವುದಿಲ್ಲ. ಮಾತಾಡದವನ ಗೇಣಿ ಇಳಿಯುವುದಿಲ್ಲ. ಹೆದರಿಕೆ ಎಂಬ ನಾಲ್ಕನೆಯ ವೃತ್ತ ಬರೆಯದಿದ್ದರೆ ಈ ಸುತ್ತು ಯಾಕೆ ನಿಲ್ಲುವುದಿಲ್ಲ ಎನ್ನುವುದೇ ತಿಳಿಯುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಒಬ್ಬ ರೈತ ಎದ್ದರೆ ಅವನನ್ನು ಬಿಡಿಸಿ ಇನ್ನೊಬ್ಬನಿಗೆ ಗದ್ದೆ ಕೊಡಬಹುದು. ಊರಿನ ಎಲ್ಲರೂ ಎದ್ದರೆ ಯಾರನ್ನು ತಂದು ಉಳಿಸುವುದು? ಇದು ಪ್ರತಿಯೊಬ್ಬ ಗೇಣಿದಾರನಿಗೂ ಗೊತ್ತಿದ್ದ ವಿಷಯ. ಗೊತ್ತಿಲ್ಲದ್ದು ಒಂದೇ, ಪಕ್ಕದವನು ಏಳುತ್ತಾನೋ ಇಲ್ಲವೋ. ಹಾಗಾಗಿ ರೈತರ ಸಭೆಗಳಿಗೆ ಭಾಷಣಕ್ಕಿಂತ ದೊಡ್ಡ ಅರ್ಥವಿತ್ತು ಎಂದು ನನಗನಿಸುತ್ತದೆ. ಸಭೆಯಲ್ಲಿ ರೈತ ಮುಂದಾಳನ್ನು ನೋಡುವುದಕ್ಕಿಂತ ಹೆಚ್ಚಾಗಿ ಪಕ್ಕದ ಕೇರಿಯವನನ್ನು ನೋಡುತ್ತಾನೆ. ಅವನೂ ಬಂದಿದ್ದಾನೆ ಎಂಬುದು ಕಣ್ಣಿಗೆ ಬಿದ್ದ ಕ್ಷಣ ಹೆದರಿಕೆ ಒಂದು ಗುಂಜಿ ಇಳಿಯುತ್ತದೆ.

ಸರಕಾರಕ್ಕೂ ಇದರ ಬಿಸಿ ತಾಗಿತು. 1940ರಲ್ಲಿ ದೇಸಾಯಿಯವರನ್ನು ಐದು ವರ್ಷ ಜಿಲ್ಲೆಯಿಂದ ಗಡಿಪಾರು ಮಾಡಿತು. ಹುಟ್ಟಿದ ತಾಲೂಕಿಗೆ ಕಾಲಿಡುವಂತಿಲ್ಲ. ಒಬ್ಬನನ್ನು ತೆಗೆದರೆ ಚಳವಳಿ ನಿಲ್ಲುತ್ತದೆ ಎಂಬುದು ಸರಕಾರದ ಲೆಕ್ಕ. ಆದರೆ ಒಬ್ಬರನ್ನೊಬ್ಬರು ಕಂಡಿದ್ದ ರೈತರ ಮನಸ್ಸಿನಿಂದ ಆ ನೋಟವನ್ನು ಗಡಿಪಾರು ಮಾಡಲಾಗುವುದಿಲ್ಲ. ಅವಧಿ ಮುಗಿದ ಮೇಲೆ ದೇಸಾಯಿಯವರು ಮತ್ತೆ ಬಂದರು. 1948ರಲ್ಲಿ ಮುಂಬಯಿ ಗೇಣಿ ಕಾಯ್ದೆಯೂ ಬಂತು.

ಶಾಲೆ, ಪತ್ರಿಕೆ, ಚುಟುಕು

ಕಾಯ್ದೆ ಬಂದಾಕ್ಷಣ ಕೆಲಸ ಮುಗಿಯಲಿಲ್ಲ. ಕಾಯ್ದೆ ಕಾಗದದ ಮೇಲಿರುತ್ತದೆ, ಕಾಗದ ಓದಲು ಬರಬೇಕು. ಓದಲು ಬಂದರೂ ಕಚೇರಿಯ ಮೆಟ್ಟಿಲು ಹತ್ತುವ ಧೈರ್ಯ ಬೇಕು. 1953ರಲ್ಲಿ ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿದರು. ಜನತಾ ವಿದ್ಯಾಲಯ ಎಂಬ ಹೆಸರಿನಲ್ಲಿ ಜಿಲ್ಲೆಯ ಬೇರೆ ಬೇರೆ ಕಡೆ ಹೈಸ್ಕೂಲುಗಳು ಎದ್ದವು. ಗೋಖಲೆಯವರು ಹುಟ್ಟಿ ನೂರು ವರ್ಷ ತುಂಬಿದ 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಆರಂಭವಾಯಿತು. ಕಾರವಾರದ ದಿವೇಕರ ವಾಣಿಜ್ಯ ಕಾಲೇಜು, ದಾಂಡೇಲಿಯ ಬಂಗೂರನಗರ ಕಾಲೇಜು ಕೂಡ ಇದೇ ಟ್ರಸ್ಟಿನವು.

ಶಾಲೆಯ ಪರಿಣಾಮವನ್ನು ನಾವು ಸಾಮಾನ್ಯವಾಗಿ ಪಾಸಾದವರ ಸಂಖ್ಯೆಯಲ್ಲಿ ಅಳೆಯುತ್ತೇವೆ. ಅದು ಅರ್ಧ ಲೆಕ್ಕ. ಒಂದು ಕೇರಿಯಿಂದ ಮೊದಲ ಹುಡುಗ ಮೆಟ್ರಿಕ್ ಪಾಸಾದರೆ ಪಾಸಾದವನು ಒಬ್ಬನೇ ನಿಜ. ಆದರೆ ಆ ಕೇರಿಯ ಪ್ರತಿ ತಾಯಿಯೂ ಅಂದು ರಾತ್ರಿ ತನ್ನ ಮಗನನ್ನು ಬೇರೆ ಕಣ್ಣಿನಿಂದ ನೋಡುತ್ತಾಳೆ. ನಮ್ಮಂಥವರ ಮಕ್ಕಳಿಗೂ ಇದು ಸಾಧ್ಯ ಎಂಬ ಆಸೆ ಒಂದು ವೃತ್ತ. ಅದರಿಂದ ಮುಂದಿನ ವರ್ಷದ ಹಾಜರಿ, ಹಾಜರಿಯಿಂದ ಇನ್ನಷ್ಟು ಪಾಸು, ಪಾಸಿನಿಂದ ಇನ್ನಷ್ಟು ಆಸೆ. ಗೇಣಿಯ ಸುತ್ತು ಎಷ್ಟು ಗಟ್ಟಿಯೋ ಇದೂ ಅಷ್ಟೇ ಗಟ್ಟಿ, ತಿರುಗುವ ದಿಕ್ಕು ಮಾತ್ರ ಬೇರೆ.

1950ರ ದಶಕದ ಮಧ್ಯದಲ್ಲಿ ಅವರು ಜನಸೇವಕ ಎಂಬ ವಾರಪತ್ರಿಕೆ ಆರಂಭಿಸಿದರು. ಜಿಲ್ಲೆಯ ಸುದ್ದಿ, ರೈತರ ಅಳಲು, ಜೊತೆಗೆ ಚುಟುಕು. ರಾಜಕಾರಣಿ, ಅಧಿಕಾರಿ, ಸಾಹುಕಾರ, ಕೊನೆಗೆ ಸ್ವತಃ ತಮ್ಮನ್ನೂ ಅವರು ಬಿಡಲಿಲ್ಲ. ಚುಟುಕನ್ನು ನಾನು ಸಾಹಿತ್ಯದ ವಿದ್ಯಾರ್ಥಿಯಾಗಿ ಅಳೆಯಲಾರೆ. ಒಂದು ಮಾತು ಮಾತ್ರ ಹೇಳಬಲ್ಲೆ. ಯಾರನ್ನು ನೋಡಿ ಹೆದರುತ್ತೇವೋ ಅವರನ್ನು ನೋಡಿ ಒಮ್ಮೆ ನಕ್ಕರೆ ಹೆದರಿಕೆ ಮೊದಲಿನಷ್ಟು ಉಳಿಯುವುದಿಲ್ಲ. ನಾಲ್ಕೇ ಸಾಲಾದ್ದರಿಂದ ಓದು ಬಾರದವನೂ ಕೇಳಿ ನೆನಪಿಟ್ಟುಕೊಳ್ಳಬಹುದು, ಚಹದಂಗಡಿಯಲ್ಲಿ ಇನ್ನೊಬ್ಬರಿಗೆ ಹೇಳಬಹುದು. ಹೀಗೆ ಸಂಘ, ಶಾಲೆ, ಪತ್ರಿಕೆ, ಚುಟುಕು ನಾಲ್ಕೂ ಬೇರೆ ಬೇರೆ ಕೆಲಸಗಳಾಗಿ ಕಂಡರೂ ತಟ್ಟಿದ್ದು ಒಂದೇ ವೃತ್ತವನ್ನು.

1967ರಲ್ಲಿ ದೇಸಾಯಿಯವರು ಪಕ್ಷೇತರರಾಗಿ ಗೆದ್ದು ಕೆನರಾ ಕ್ಷೇತ್ರದ ಲೋಕಸಭಾ ಸದಸ್ಯರಾದರು. 1982ರ ನವೆಂಬರ್ 6ರಂದು ತೀರಿಕೊಂಡರು.

ಫಾರ್ಮ್ ನಂಬರ್ 7

ಅವರ ಕಣ್ಣೆದುರೇ ದೊಡ್ಡ ಕಾಯ್ದೆಯೊಂದು ಬಂದಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಉಳುವವನು ಫಾರ್ಮ್ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಗೆ ಕೊಟ್ಟರೆ ಭೂಮಿ ಅವನ ಹೆಸರಿಗೆ. ಕಾಗದದ ಮೇಲಿನ ಚಿತ್ರದ ಪ್ರಕಾರ ಎಲ್ಲ ಗೇಣಿದಾರರೂ ಮರುದಿನವೇ ಅರ್ಜಿ ಕೊಡಬೇಕಿತ್ತು.

ನನ್ನ ಅಜ್ಜ ಕೊಡಲಿಲ್ಲ. ನಾಲ್ಕು ಮಳೆಗಾಲ ಕಳೆದರೂ ಕೊಡಲಿಲ್ಲ. ಒಡೆಯರ ಅನ್ನ ಉಂಡವರು ನಾವು, ಯಾವ ಮುಖ ಹೊತ್ತು ಅವರ ಅಂಗಳ ತುಳಿಯುವುದು ಎಂಬುದು ಅವನ ಸಂಕಟ. ಅದು ಬರೀ ಹೆದರಿಕೆಯಲ್ಲ, ದಾಕ್ಷಿಣ್ಯ, ನಾಚಿಕೆ, ಋಣ ಎಲ್ಲ ಸೇರಿದ್ದು. ನಮ್ಮ ಶಾಲೆಯ ಮೊದಲ ತಂಡದಲ್ಲಿ ಓದುತ್ತಿದ್ದ ನನ್ನ ಅಪ್ಪ ಕೊನೆಗೆ ಫಾರ್ಮ್ ತಂದು ತಾನೇ ತುಂಬಿದ. ಆಗಲೂ ಅಜ್ಜ ಹೆಬ್ಬೆಟ್ಟು ಒತ್ತಿದ್ದು ಕೇರಿಯ ಇನ್ನೂ ಮೂರು ಮನೆಯವರು ತಾವೂ ಒತ್ತುತ್ತೇವೆ ಎಂದು ಜಗಲಿಯ ಮೇಲೆ ಬಂದು ಕೂತ ಮೇಲೆ. ಇಂದು ನಮ್ಮ ಮನೆ ನಿಂತಿರುವುದು ಆ ನೆಲದ ಮೇಲೆ. ಕಾಯ್ದೆ ಸರಕಾರದ್ದು, ಅಕ್ಷರ ಈ ಶಾಲೆಯದು. ಆದರೆ ಹೆಬ್ಬೆಟ್ಟು ಎದ್ದದ್ದು ಪಕ್ಕದ ಮೂರು ಮನೆಯವರಿಂದ. ಈ ಮೂರರಲ್ಲಿ ಯಾವುದನ್ನು ಬಿಟ್ಟರೂ ಚಿತ್ರ ತಪ್ಪಾಗುತ್ತದೆ.

ತರಗತಿಯಲ್ಲಿ ಇದನ್ನು ಕಲಿಸುವುದು ಹೇಗೆ?

ವ್ಯವಸ್ಥೆಗಳನ್ನು ಹೀಗೆ ಸುತ್ತುಗಳಾಗಿ ಬರೆಯುವ ಶಾಸ್ತ್ರವನ್ನು 1950ರ ದಶಕದಲ್ಲಿ ಬೆಳೆಸಿದವರು ಅಮೆರಿಕದ ಎಂಐಟಿಯ ಇಂಜಿನಿಯರ್ ಜೇ ಫಾರೆಸ್ಟರ್. ಮುಂದೆ ಅವರು ಇದನ್ನು ಶಾಲಾ ಮಕ್ಕಳಿಗೂ ಕಲಿಸಲು ಪ್ರೋತ್ಸಾಹಿಸಿದರು. ಅವರ ಒಂದು ವಾದ ನಮಗೆ ಮುಖ್ಯ. ಮನಸ್ಸಿನ ಸಂಗತಿಯನ್ನು ಭತ್ತದಂತೆ ಕೊಳಗದಲ್ಲಿ ಅಳೆಯಲಾಗುವುದಿಲ್ಲ ಎಂದು ಅದನ್ನು ಚಿತ್ರದಿಂದ ಬಿಟ್ಟರೆ, ಅದರ ಪರಿಣಾಮ ಸೊನ್ನೆ ಎಂದು ಬರೆದಂತಾಗುತ್ತದೆ. ಸೊನ್ನೆ ಖಂಡಿತ ತಪ್ಪು. ಅಂದಾಜಿನ ಸಂಖ್ಯೆಯಾದರೂ ಅದಕ್ಕಿಂತ ಮೇಲು.

ಒಂಬತ್ತನೆಯ ತರಗತಿಗೆ ಒಂದು ಆಟ ಸೂಚಿಸುತ್ತೇನೆ. ಕಂಪ್ಯೂಟರ್ ಬೇಡ. ಐದು ಮಕ್ಕಳು ಗೇಣಿದಾರರು, ಒಬ್ಬ ಒಡೆಯ. ಗೇಣಿ ಇಳಿಸಿ ಎಂದು ಕೇಳುವೆಯೋ ಇಲ್ಲವೋ ಎಂದು ಪ್ರತಿಯೊಬ್ಬರೂ ಗುಟ್ಟಾಗಿ ಚೀಟಿಯಲ್ಲಿ ಬರೆಯಬೇಕು. ನಾಲ್ಕು ಅಥವಾ ಐದು ಜನ ಕೇಳಿದರೆ ಎಲ್ಲರ ಗೇಣಿ ಅರ್ಧಕ್ಕೆ ಇಳಿಯುತ್ತದೆ. ಅದಕ್ಕಿಂತ ಕಡಿಮೆಯಾದರೆ ಕೇಳಿದವರ ಗದ್ದೆ ಹೋಗುತ್ತದೆ. ಎರಡನೆಯ ಸುತ್ತಿನಲ್ಲಿ ಚೀಟಿ ಬೇಡ. ಮೊದಲು ಮಾತಾಡಿಕೊಳ್ಳಲಿ, ಆಮೇಲೆ ಎಲ್ಲರೆದುರು ಕೈ ಎತ್ತಲಿ. ಎರಡೂ ಸುತ್ತಿನ ಫಲಿತಾಂಶವನ್ನು ಹಲಗೆಯ ಮೇಲೆ ಬರೆದು ಒಂದೇ ಪ್ರಶ್ನೆ ಕೇಳಬೇಕು: ಗೇಣಿ ಬದಲಾಗಿಲ್ಲ, ಗದ್ದೆ ಬದಲಾಗಿಲ್ಲ, ಹಾಗಾದರೆ ಏನು ಬದಲಾಯಿತು? ಉತ್ತರವನ್ನು ಮಕ್ಕಳೇ ಹೊಸ ವೃತ್ತವಾಗಿ ಬರೆಯಲಿ. ಅದಕ್ಕೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಕೊಡಲಿ. ಎರಡು ಸುತ್ತಿಗೂ ಫಲಿತಾಂಶ ಒಂದೇ ಬಂದರೆ ಯಾಕೆ ಎಂದು ಚರ್ಚಿಸಲಿ, ಅದೂ ಪಾಠವೇ. ಆಮೇಲೆ ದೇಸಾಯಿಯವರ ಬದುಕನ್ನು ಓದಿದರೆ ಇಸವಿಗಳ ಪಟ್ಟಿಯಾಗಿ ಉಳಿಯುವುದಿಲ್ಲ.

ನಮ್ಮ ಶಾಲೆಯ ಸುತ್ತು

ಇದೇ ಹಲಗೆಯ ಮೇಲೆ ಈಗ ನಮ್ಮ ಶಾಲೆಯನ್ನು ಬರೆಯೋಣ. ಮಕ್ಕಳು ಕಡಿಮೆಯಾದರೆ ಶಿಕ್ಷಕರ ಹುದ್ದೆ ಕಡಿಮೆ. ಹುದ್ದೆ ಕಡಿಮೆಯಾದರೆ ಪಾಲಕರ ನಂಬಿಕೆ ಕಡಿಮೆ. ನಂಬಿಕೆ ಕಡಿಮೆಯಾದರೆ ಮಕ್ಕಳು ಮತ್ತೆ ಕಡಿಮೆ. ಬೆಳಿಗ್ಗೆ ನಮ್ಮ ಊರ ರಸ್ತೆಯಲ್ಲಿ ಹಾದುಹೋಗುವ ಖಾಸಗಿ ಶಾಲೆಗಳ ಹಳದಿ ಬಸ್ಸುಗಳನ್ನು ನೋಡಿದವರಿಗೆ ಈ ಸುತ್ತನ್ನು ವಿವರಿಸಬೇಕಾಗಿಲ್ಲ. ಇದು ಹೀಗೇ ತಿರುಗಿದರೆ ವಜ್ರ ಮಹೋತ್ಸವಕ್ಕೆ ಸಂಚಿಕೆ ತರಲು ಶಾಲೆ ಇರಬೇಕಲ್ಲ ಎಂಬ ಚಿಂತೆ ನನಗಿದೆ.

ಹಳೆಯ ವಿದ್ಯಾರ್ಥಿಗಳಾದ ನಾವು ಬೆಂಚು, ಕಂಪ್ಯೂಟರ್, ನೀರಿನ ಟ್ಯಾಂಕ್ ಕೊಟ್ಟಿದ್ದೇವೆ. ಕೊಡಬೇಕಾದದ್ದೇ. ಆದರೆ ಅವೆಲ್ಲ ಭತ್ತದ ವೃತ್ತಗಳು. ನಂಬಿಕೆಯ ವೃತ್ತವನ್ನು ನಾವಿನ್ನೂ ಮುಟ್ಟಿಲ್ಲ. ಸರಕಾರಿ ಶಾಲೆಗೆ ಕಳಿಸಲು ಮನಸ್ಸಿದ್ದರೂ, ಕಳಿಸುವವರು ನಾವೊಬ್ಬರೇ ಆಗಿಬಿಟ್ಟರೆ ಎಂದು ಹಿಂಜರಿಯುವ ಮನೆಗಳು ನಮ್ಮ ಊರಿನಲ್ಲಿವೆ. ಇದು ಗೇಣಿದಾರನ ಹಿಂಜರಿಕೆಯೇ, ರೂಪ ಮಾತ್ರ ಬೇರೆ.

ಹಾಗಾಗಿ ನನ್ನ ಬೇಡಿಕೆ ಒಂದೇ. ಪ್ರತಿ ವರ್ಷ ಮೇ ತಿಂಗಳಲ್ಲಿ, ದಾಖಲಾತಿಗೆ ಮೊದಲು, ಸುತ್ತಲಿನ ಊರುಗಳಲ್ಲಿ ಏಳನೆಯ ತರಗತಿ ಮುಗಿಸಿದ ಮಕ್ಕಳ ಪಾಲಕರನ್ನು ನಮ್ಮ ಶಾಲೆಯ ಅಂಗಳದಲ್ಲಿ ಒಟ್ಟಿಗೆ ಕೂರಿಸೋಣ. ಮಾಸ್ತರರು, ಅಕ್ಕೋರು ತಾವು ಏನು ಕಲಿಸುತ್ತೇವೆ ಎಂದು ಹೇಳಲಿ. ಇಲ್ಲಿ ಕಲಿತು ನರ್ಸ್, ಸೈನಿಕ, ಇಂಜಿನಿಯರ್, ಒಳ್ಳೆಯ ಕೃಷಿಕ ಆದವರು ಬಂದು ಕೂರಲಿ. ಭಾಷಣ ಚಿಕ್ಕದಾಗಿರಲಿ. ಕೊನೆಯಲ್ಲಿ ಇಲ್ಲಿಗೆ ಕಳಿಸುತ್ತೇವೆ ಎನ್ನುವವರು ಎಲ್ಲರೆದುರು ಕೈ ಎತ್ತಲಿ. ಎಷ್ಟು ಕೈ ಏಳುತ್ತವೆ ಎಂದು ನಾನು ಹೇಳಲಾರೆ. ಆದರೆ ಪ್ರತಿಯೊಬ್ಬ ಪಾಲಕರೂ ಅಂದು ಪಕ್ಕದವರ ಕೈಯನ್ನು ನೋಡುತ್ತಾರೆ. ಮೊದಲ ಸಭೆಯ ಚಹಾ ಖರ್ಚು ನನ್ನದು. ದಿನಾಂಕವನ್ನು ಮುಖ್ಯೋಪಾಧ್ಯಾಯರು ಗೊತ್ತುಮಾಡಬೇಕು.

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು